ಮುಂಬೈಯ ಕನ್ನಡ ಸಂಘಗಳ ಕಟ್ಟಡ ಸಮಿತಿಗಳಿಗೆ: ತ್ರೀಡಿ ಚಿತ್ರ ಸಾಕು, ಸೆಕ್ಷನ್ ತೋರಿಸಿ

ಮುಂಬೈ, ಠಾಣೆ, ನವಿ ಮುಂಬೈಯ ಕನ್ನಡ ಮತ್ತು ತುಳು ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಕಟ್ಟಡ ಸಮಿತಿಯ ಸದಸ್ಯರೆಲ್ಲರಿಗೆ ನಮಸ್ಕಾರ.

ಈಗ ನಮ್ಮಲ್ಲಿ ಕಟ್ಟುವ ಕಾಲ. ಹಿರಿಯರು ಮನೆ ಮನೆಗೆ ಹೋಗಿ ಚಂದಾ ಎತ್ತಿ ಕಟ್ಟಿದ ಎಷ್ಟೋ ಭವನಗಳಿಗೆ ವಯಸ್ಸಾಗಿದೆ. ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿದೆ. ಕೆಲವು ಕಡೆ ರಿಪೇರಿ ನಡೆದಿದೆ, ಕೆಲವು ಕಡೆ ರೀಡೆವಲಪ್‌ಮೆಂಟ್ ಮಾತುಕತೆ, ಇನ್ನು ಕೆಲವರು ಹೊಸ ಜಾಗದಲ್ಲಿ ಹೊಸ ಭವನವನ್ನೇ ಎಬ್ಬಿಸಲು ಹೊರಟಿದ್ದಾರೆ. ಸಂತೋಷದ ವಿಷಯ. ಆದರೆ ಎಲ್ಲ ಕಡೆಯೂ ಮೊದಲು ಬರುವುದು ವಾಟ್ಸಾಪಿನಲ್ಲಿ ಒಂದು ತ್ರೀಡಿ ಚಿತ್ರ.

ಚಿತ್ರದಲ್ಲಿ ಮುಂಭಾಗಕ್ಕೆಲ್ಲ ನೀಲಿ ಗಾಜು. ಒಳಗೆ ಚಿನ್ನದ ಬಣ್ಣದ ಬೆಳಕು. ಬಾಗಿಲಲ್ಲಿ ನಾಲ್ಕು ಪಾಮ್ ಗಿಡ, ಒಂದು ಉದ್ದನೆಯ ಕಾರು, ಕೋಟು ಹಾಕಿದ ಫಾರಿನ್ ಜನ. ನಮ್ಮ ಕಾರ್ಯಕ್ರಮಗಳಿಗೆ ಅಂಥವರು ಬಂದದ್ದನ್ನು ನಾನಂತೂ ನೋಡಿಲ್ಲ. ಆಕಾಶದಲ್ಲಿ ಮೋಡ ಇಲ್ಲ, ಯಾರ ಕೈಯಲ್ಲೂ ಕೊಡೆ ಇಲ್ಲ. ಗೋಡೆಯ ಮೇಲೆ ಎಸಿಯ ಡಬ್ಬಿ ಇಲ್ಲ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಗುರುತು ಹಾಕುತ್ತಾರೆ. ಮಹಾಸಭೆಯಲ್ಲಿ ಅದೇ ಚಿತ್ರ ದೊಡ್ಡ ಪರದೆಯ ಮೇಲೆ ಬರುತ್ತದೆ. ಚಪ್ಪಾಳೆ, ಮಂಜೂರು, ಊಟ.

ನಾನು ಎಷ್ಟೋ ವರ್ಷ ಈ ಊರಿನಲ್ಲಿ ಇಂಟೀರಿಯರ್ ಕೆಲಸ ಮಾಡಿಸಿದವನು. ಬಡಗಿ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕೆಲಸದವರು, ಟೈಲ್ಸ್ ಮಿಸ್ತ್ರಿ, ವೈರಿಂಗ್‌ನವರ ನಡುವೆ ನಿಂತು ಸಂಸಾರ ನಡೆಸಿದವನು. ಶನಿವಾರ, ಭಾನುವಾರ ಸಂಜೆ ನಿಮ್ಮ ಹಾಲ್‌ಗಳಲ್ಲಿ ಕೂತು ಯಕ್ಷಗಾನ, ನಾಟಕ, ತಾಳಮದ್ದಲೆ ನೋಡಿದವನೂ ಹೌದು. ನನ್ನ ಬೇಡಿಕೆ ಒಂದೇ. ಆ ಚಿತ್ರ ನೋಡಿ ಮಂಜೂರು ಮಾಡಬೇಡಿ. ಆರ್ಕಿಟೆಕ್ಟರ ಹತ್ತಿರ ಸೆಕ್ಷನ್ ಡ್ರಾಯಿಂಗ್ ಕೇಳಿ.

ಸೆಕ್ಷನ್ ಅಂದರೆ ಹಲಸಿನ ಹಣ್ಣನ್ನು ನಡುವೆ ಕೊಯ್ದು ಇಟ್ಟ ಹಾಗೆ, ಕಟ್ಟಡವನ್ನು ಮೇಲಿನಿಂದ ಕೆಳಗೆ ಕೊಯ್ದು ತೋರಿಸುವ ನಕ್ಷೆ. ವೇದಿಕೆ ಎಷ್ಟು ಎತ್ತರ, ಕೊನೆಯ ಸಾಲಿನವರ ಕಣ್ಣು ಎಲ್ಲಿ, ಸೀಲಿಂಗ್ ಎಲ್ಲಿ ಬಾಗಿದೆ, ಮಳೆ ನೀರು ಯಾವ ದಾರಿಯಲ್ಲಿ ಇಳಿಯುತ್ತದೆ, ಬಿಸಿಲು ಎಷ್ಟು ಒಳಗೆ ಬರುತ್ತದೆ, ಎಲ್ಲ ಅದರಲ್ಲಿ ಕಾಣುತ್ತದೆ. ನೋಡಲಿಕ್ಕೆ ಒಣ ಗೆರೆಗಳು. ಆದರೆ ಕಟ್ಟಡ ಚಂದವೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗುತ್ತದೆ. ಆಮೇಲೆ ನಮ್ಮಂಥವರು ಬಂದು ಹಚ್ಚುವುದು ಬರೀ ಬಣ್ಣ.

ಮೊದಲು ಮಳೆಯ ಮಾತು. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಆದರೂ ಮೀಟರ್ ರೂಮನ್ನು ಬೇಸ್‌ಮೆಂಟಿನಲ್ಲಿ ಇಡುವ ನಕ್ಷೆಗಳು ಈಗಲೂ ಬರುತ್ತವೆ. ರಿಕ್ಷಾದಿಂದ ಇಳಿದ ಅಜ್ಜಿ ಬಾಗಿಲು ಮುಟ್ಟುವ ಮೊದಲೇ ಸೀರೆ ಒದ್ದೆ ಮಾಡಿಕೊಳ್ಳಬೇಕಾದ ಮುಂಭಾಗಗಳೂ ಬರುತ್ತವೆ. ಐನೂರು ಜನರ ಹಾಲ್ ಅಂದರೆ ಐನೂರು ಒದ್ದೆ ಕೊಡೆ. ಅವುಗಳನ್ನು ಎಲ್ಲಿ ಇಡುವುದು ಅಂತ ಯಾವ ತ್ರೀಡಿಯೂ ಹೇಳುವುದಿಲ್ಲ.

ಈ ಊರಿನ ಹಳೆಯ ಆರ್ಕಿಟೆಕ್ಟರು ಮಳೆಯನ್ನು ಮರೆತವರಲ್ಲ. ಮರೀನ್ ಡ್ರೈವಿನಲ್ಲೋ ಓವಲ್ ಮೈದಾನದ ಪಕ್ಕದಲ್ಲೋ ಒಂದು ಸಾರಿ ತಲೆ ಎತ್ತಿ ನಡೆಯಿರಿ. ಅಷ್ಟು ದೂರ ಬೇಡ ಅಂದರೆ ಮಾಟುಂಗದ ಗಲ್ಲಿಗಳಲ್ಲೇ ನೋಡಿ. 1930, 40ರ ದಶಕದ ಆರ್ಟ್ ಡೆಕೊ ಶೈಲಿಯ ಮನೆಗಳ ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಒಂದು ತೆಳು ಪಟ್ಟಿ ಮುಂದೆ ಚಾಚಿರುತ್ತದೆ. ಮೂಲೆಯಲ್ಲಿ ದುಂಡಗೆ ತಿರುಗಿ ಪಕ್ಕದ ಗೋಡೆಗೂ ಹೋಗುತ್ತದೆ. ಅದು ಛಜ್ಜಾ. ಬಿಸಿಲನ್ನೂ ಎರಚಲನ್ನೂ ತಡೆಯಲಿಕ್ಕೆ ಇರುವುದು. ಆದರೆ ಕಟ್ಟಡಕ್ಕೆ ಆ ಓಟ, ಆ ಲಯ ಬಂದದ್ದೇ ಆ ಗೆರೆಯಿಂದ. ದಕ್ಷಿಣ ಮುಂಬೈಯ ಈ ಆರ್ಟ್ ಡೆಕೊ ಸಾಲನ್ನು, ಎದುರಿನ ಗೋಥಿಕ್ ಕಟ್ಟಡಗಳ ಜೊತೆಗೆ, 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲವು ಮನೆಗಳಲ್ಲಿ ರಿಪೇರಿ ಹೆಸರಲ್ಲಿ ಆ ಹುಬ್ಬನ್ನು ಒಡೆದು, ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿ, ಆಮೇಲೆ ನೀರು ಒಳಗೆ ಬರುತ್ತದೆ ಅಂತ ಪ್ಲಾಸ್ಟಿಕ್ ಶೀಟಿನ ಹೊಸ ಛಜ್ಜಾ ಕಟ್ಟಿದ್ದಾರೆ. ಅಂದ ಹೋಯಿತು, ಆಸರೆಯೂ ಹೋಯಿತು.

ಇನ್ನೊಂದು ಉದಾಹರಣೆ ಎತ್ತರದ್ದು. ಕಂಬಾಲಾ ಹಿಲ್‌ನಲ್ಲಿರುವ ಕಾಂಚನಜುಂಗಾ ಅಪಾರ್ಟ್‌ಮೆಂಟ್. ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಮಾಡಿದ್ದು, 1983ರಲ್ಲಿ ಮುಗಿದದ್ದು, 28 ಮಹಡಿ. ಮುಂಬೈಯಲ್ಲಿ ಸಮುದ್ರ ಪಶ್ಚಿಮಕ್ಕೆ. ನೋಟ ಆ ಕಡೆ, ಗಾಳಿ ಆ ಕಡೆ. ಸಂಜೆಯ ಸುಡುಬಿಸಿಲು, ಜುಲೈಯ ಎರಚಲು ಕೂಡ ಆ ಕಡೆಯಿಂದಲೇ. ಗಾಜು ಹಾಕಿದರೆ ಬೇಯಬೇಕು, ಗೋಡೆ ಹಾಕಿದರೆ ಸಮುದ್ರ ಇಲ್ಲ. ಕೊರಿಯಾ ಹಳೆಯ ಬಂಗಲೆಗಳ ಜಗಲಿಯನ್ನು ನೆನಪಿಸಿಕೊಂಡರು. ಆ ಜಗಲಿ ಕೋಣೆಗಳ ಸುತ್ತ ಇದ್ದು ಬಿಸಿಲು, ಮಳೆ ಎರಡನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಿತ್ತು. ಅದನ್ನೇ ಅವರು ಮೇಲೆತ್ತಿ, ಕಟ್ಟಡದ ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೆರೆದ ತೋಟಗಳನ್ನಾಗಿ ಕೊರೆದರು. ದೂರದಿಂದ ನೋಡಿದರೆ ಬಿಳಿ ಗೋಪುರದ ಮೂಲೆಯಲ್ಲಿ ದೊಡ್ಡ ದೊಡ್ಡ ನೆರಳಿನ ಚೌಕಗಳು. ದೇಶವಿದೇಶದ ಪುಸ್ತಕಗಳಲ್ಲಿ ಅಚ್ಚಾಗುವುದು ಆ ಚೌಕಗಳೇ. ಅವು ಎಲಿವೇಷನ್, ಅಂದರೆ ಹೊರಮುಖ, ಚಂದ ಮಾಡಲು ಕೊರೆದವಲ್ಲ, ಸೆಕ್ಷನ್ನಿನಲ್ಲಿ ಹುಟ್ಟಿದವು.

ನಮ್ಮ ಭವನದ ಪಶ್ಚಿಮ ಮುಖಕ್ಕೆ ಗಾಜು ಹಾಕಿದರೆ ಏನಾಗುತ್ತದೆ? ಮೇ ತಿಂಗಳ ನಾಲ್ಕು ಗಂಟೆಗೆ ಫೋಯರ್, ಅಂದರೆ ಹಾಲ್‌ಗೆ ಮುಂಚಿನ ಮೊಗಸಾಲೆ, ಬೇಯುತ್ತದೆ. ಪರದೆ ಹಾಕುತ್ತೀರಿ. ಪರದೆ ಹಾಕಿದ ಮೇಲೆ ಹಗಲಲ್ಲೇ ಲೈಟು. ಎಸಿ ಟನ್ನು ಏರಿಸುತ್ತೀರಿ. ಗಾಜಿಗೆ ಮುಂಬೈಯ ಧೂಳು, ಸಮುದ್ರದ ಉಪ್ಪು ಹಿಡಿಯುತ್ತದೆ. ಹಗ್ಗದಲ್ಲಿ ಇಳಿದು ಒರೆಸುವವರಿಗೆ ಪ್ರತಿ ಸಲ ದುಡ್ಡು ಕೊಡಬೇಕು. ಮೂರನೆಯ ವರ್ಷಕ್ಕೆ ಖಜಾಂಚಿಯವರು ಅದನ್ನು ನಿಲ್ಲಿಸುತ್ತಾರೆ. ಅದು ಅವರ ತಪ್ಪಲ್ಲ. ಸಂಘದ ಆದಾಯ ಹಾಲ್ ಬಾಡಿಗೆ ಮತ್ತು ಸ್ಮರಣ ಸಂಚಿಕೆಯ ಜಾಹೀರಾತು, ಅಷ್ಟೇ ಅಲ್ವಾ?

ನಮ್ಮದೇ ಒಂದು ವಸ್ತುವಿದೆ, ಅದನ್ನು ಇಲ್ಲಿ ಹೇಳದೆ ಇರಲಾರೆ. ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹೆಂಚು ಹಡಗು ಹತ್ತಿ ಮುಂಬೈಗೂ ಬಂತು. ನಮ್ಮವರು ಹೋಟೆಲಿನಲ್ಲಿ ಕಪ್ಪು ತೊಳೆಯಲು ಬರುವ ಮೊದಲೇ ನಮ್ಮ ಮಣ್ಣು ಇಲ್ಲಿನ ಚಾಳುಗಳ, ಗೋದಾಮುಗಳ ಮೇಲೆ ಕೂತಿತ್ತು. ಒಂದರ ತುಟಿ ಇನ್ನೊಂದರ ತೋಡಿದ ಗೆರೆಗೆ ಸಿಕ್ಕಿಕೊಳ್ಳುತ್ತದೆ, ನೀರು ಕೆಳಗೆ ಜಾರುತ್ತದೆ, ಬಿಸಿ ಗಾಳಿ ಸಂದಿಯಿಂದ ಮೇಲೆ ಹೋಗುತ್ತದೆ. ಆ ಕೆಂಪು ಇಳಿಜಾರು ಕಣ್ಣಿಗೆ ಇಷ್ಟವಾಗುವುದು ಇದೆಲ್ಲ ಇರುವುದರಿಂದ. ಈಗ ಏನು ಮಾಡುತ್ತೇವೆ? ಕಾಂಕ್ರೀಟ್ ಸ್ಲ್ಯಾಬಿನ ಅಂಚಿಗೆ ಎರಡು ಸಾಲು ಹೆಂಚನ್ನು ಸಿಮೆಂಟಿನಲ್ಲಿ ಅಂಟಿಸಿ ‘ಊರಿನ ಟಚ್’ ಅನ್ನುತ್ತೇವೆ. ಅದರ ಕೆಳಗೆ ನೀರು ನಿಂತು ಪಾಚಿ ಕಟ್ಟಿ, ಎರಡು ಮಳೆಗಾಲದಲ್ಲಿ ಕಪ್ಪಾಗುತ್ತದೆ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಸ್ವಲ್ಪ ಜಾಸ್ತಿಯೇ ಬರುತ್ತದೆ ಅನ್ನಿ.

ಇನ್ನು ಹಾಲ್‌ನ ಒಳಗೆ ಬರೋಣ. ನಿಜವಾದ ಜಗಳ ಇರುವುದು ಇಲ್ಲಿ.

ಉಪನಗರದ ಒಂದು ಹೊಸ ಹಾಲ್, ಹೆಸರು ಬೇಡ. ಅಲ್ಲಿ ಒಂದು ತಾಳಮದ್ದಲೆ ಕೇಳಲು ಹೋಗಿದ್ದೆ. ತಾಳಮದ್ದಲೆ ಅಂದರೆ ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ಪಾತ್ರದ ಮಾತು ಆಡುವವರು ಊರಿನಿಂದ ಬಂದ ದೊಡ್ಡ ಅರ್ಥಧಾರಿ. ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಒಂದು ಪಕ್ಕಕ್ಕೆ ಗಾಜು, ಅದಕ್ಕೆ ಸರಿಯಾಗಿ ಎದುರಿಗೆ ಪಾಲಿಶ್ ಮಾಡಿದ ಗ್ರಾನೈಟು, ತಲೆಯ ಮೇಲೆ ಪಿಒಪಿಯ ದುಂಡನೆಯ ಗುಮ್ಮಟ, ಅದರ ನಡುವೆ ತೂಗುದೀಪ. ಫೋಟೋದಲ್ಲಿ ಅರಮನೆ. ಕರ್ಣನ ಮಾತು ಮಾತ್ರ ಒಂದೂ ತಿಳಿಯಲಿಲ್ಲ. ಒಂದು ಪದ ಮುಗಿಯುವ ಮೊದಲೇ ಅದರ ಹಿಂದಿನ ಪದ ತಿರುಗಿ ಬರುತ್ತಿತ್ತು. ಚೆಂಡೆ ಶುರುವಾದರೆ ಗುಮ್ಮಟದ ಕೆಳಗಿನವರು ಕಿವಿ ಮುಚ್ಚಿಕೊಂಡರು. ಒಳಗೆ ಬಾಗಿದ ಮೈ ದನಿಯನ್ನೆಲ್ಲ ಒಂದು ಕಡೆಗೆ ಒಟ್ಟುಹಾಕುತ್ತದೆ. ಹಾಲ್‌ನವರು ಮಾಡಿದ್ದೇನು? ಇನ್ನೂ ಎರಡು ಸ್ಪೀಕರ್ ತಂದರು. ದನಿ ಏರಿತು, ಅದರ ಜೊತೆ ಮರುದನಿಯೂ ಏರಿತು.

ಇದು ಹಣೆಬರಹ ಅಲ್ಲ, ಲೆಕ್ಕ. ಈ ಲೆಕ್ಕ ಶುರುವಾದದ್ದು 1895ರಲ್ಲಿ. ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಕೋಣೆಯಲ್ಲಿ ಯಾರ ಮಾತೂ ಅರ್ಥ ಆಗುತ್ತಿರಲಿಲ್ಲ. ವ್ಯಾಲೇಸ್ ಸ್ಯಾಬೈನ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಅದನ್ನು ಸರಿಮಾಡಲು ಹೇಳಿದರು. ಅವರು ರಾತ್ರಿ ಊರು ಮಲಗಿದ ಮೇಲೆ ಪಕ್ಕದ ಥಿಯೇಟರಿನ ಸೀಟು ದಿಂಬುಗಳನ್ನು ಹೊರಿಸಿ ತಂದು, ಆರ್ಗನ್ನಿನ ಒಂದು ಕೊಳವೆ ಊದಿಸಿ, ದನಿ ಸಾಯಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಅಳೆದರು. ಖಾಲಿ ಕೋಣೆಯಲ್ಲಿ ಸುಮಾರು ಐದೂವರೆ ಸೆಕೆಂಡ್. ದಿಂಬು ಹೆಚ್ಚಿದಂತೆ ಕಡಿಮೆಯಾಯಿತು. ಕೋಣೆಯ ಗಾತ್ರ ದೊಡ್ಡದಾದರೆ ದನಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಹೀರುವ ವಸ್ತು ಹೆಚ್ಚಾದರೆ ಬೇಗ ಹೋಗುತ್ತದೆ. ಈ ಸರಳ ಸೂತ್ರದಲ್ಲೇ ಇವತ್ತೂ ಲೆಕ್ಕ ಶುರುಮಾಡುತ್ತಾರೆ. ಮಾತಿನ ಹಾಲ್‌ಗೆ ಸುಮಾರು ಒಂದು ಸೆಕೆಂಡ್ ಸಾಕು. ಗಾಜು, ಗ್ರಾನೈಟು, ಟೈಲ್ಸ್ ಮೂರೂ ದನಿಯನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಸೆಯುತ್ತವೆ. ಮೂರನ್ನೂ ಹಾಕಿ ಮಾತು ಕೇಳಬೇಕು ಅಂದರೆ ಹೇಗೆ?

ಇದನ್ನು ಸರಿಯಾಗಿ ಮಾಡಿದ ಹಾಲ್ ನಮ್ಮ ಊರಿನಲ್ಲೇ ಇದೆ. ನರಿಮನ್ ಪಾಯಿಂಟಿನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಕಲಾಕೇಂದ್ರದ ಟಾಟಾ ಥಿಯೇಟರ್. 1980ರಲ್ಲಿ ತೆರೆದದ್ದು. ಆರ್ಕಿಟೆಕ್ಟ್ ಫಿಲಿಪ್ ಜಾನ್ಸನ್, ದನಿಯ ಲೆಕ್ಕ ಹಾಕಿದವರು ಸಿರಿಲ್ ಹ್ಯಾರಿಸ್. ಸಾವಿರದಷ್ಟು ಸೀಟು. ನಮ್ಮ ಸಂಗೀತವನ್ನು ಮೈಕ್ ಇಲ್ಲದೆ ಕೊನೆಯ ಸಾಲಿಗೂ ಮುಟ್ಟಿಸಬೇಕು ಅಂತ ಮಾಡಿದ್ದು. ಬೀಸಣಿಗೆಯ ಹಾಗೆ ವೇದಿಕೆಯ ಮುಂದೆ ಹರಡಿಕೊಂಡಿದೆ, ಆದ್ದರಿಂದ ಯಾರೂ ತುಂಬಾ ದೂರ ಇಲ್ಲ. ತಲೆಯ ಮೇಲೆ ಸೀಲಿಂಗ್ ಮುರಿಮುರಿದು ಹರಳಿನ ಹಾಗೆ ಕಾಣುತ್ತದೆ. ಮೊದಲ ಸಾರಿ ನೋಡಿದವರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಆ ಒಂದೊಂದು ಮುಖವೂ ದನಿಯನ್ನು ಹಂಚಲಿಕ್ಕೆ ಇರುವುದು. ಸಮಿತಿಯವರೆಲ್ಲ ಒಂದು ಸಂಜೆ ಟಿಕೆಟ್ ತೆಗೆದು ಹೋಗಿ ಬನ್ನಿ. ಇಂಟರ್‌ವಲ್‌ನಲ್ಲಿ ಕಾಫಿಗೆ ಓಡದೆ ಸೀಲಿಂಗ್ ನೋಡಿ.

ನಮಗೆ ಅಷ್ಟು ದುಡ್ಡು ಎಲ್ಲಿ ಅನ್ನುತ್ತೀರಿ. ಬೇಡ. ಹಿಂದಿನ ಗೋಡೆಗೆ ಮರದ ಪಟ್ಟಿಗಳು, ನಡುನಡುವೆ ಸಂದಿ, ಅದರ ಹಿಂದೆ ಗ್ಲಾಸ್ ವೂಲ್, ಅಂದರೆ ಗಾಜಿನ ಎಳೆಗಳ ಉಣ್ಣೆ. ಮುಂದಿನ ಸಾಲಿಗೆ ತಿರುಗಿ ಬರುವ ಮರುದನಿ ಅಲ್ಲೇ ಸಾಯುತ್ತದೆ. ನೇರ ಬರುವ ದನಿಯ ದಾರಿಗಿಂತ ಗೋಡೆಗೆ ಹೋಗಿ ಬರುವ ದಾರಿ ಸುಮಾರು 17 ಮೀಟರ್ ಹೆಚ್ಚಾದರೆ ಸಾಕು, ಮರುದನಿ ಬೇರೆಯಾಗಿ ಕೇಳಲು ಶುರು. ನಮ್ಮ ಹೆಚ್ಚಿನ ಹಾಲ್‌ಗಳು ಅದಕ್ಕಿಂತ ಉದ್ದವೇ. ಪಕ್ಕದ ಗೋಡೆಗಳು ಒಂದಕ್ಕೊಂದು ನೇರ ಎದುರಾಗದೆ ಸ್ವಲ್ಪ ಓರೆಯಾಗಿರಲಿ. ವೇದಿಕೆಯ ಮುಂದಿನ ಸೀಲಿಂಗ್ ಗಟ್ಟಿಯಾಗಿ, ಓರೆಯಾಗಿ ಇದ್ದರೆ ಭಾಗವತರ ಪದ ತಾನಾಗಿ ಹಿಂದಕ್ಕೆ ಹೋಗುತ್ತದೆ. ಕುರ್ಚಿಗೆ ಬಟ್ಟೆಯ ಮೆತ್ತೆ ಇರಲಿ. ಮೆತ್ತೆ ಇರುವ ಖಾಲಿ ಕುರ್ಚಿ ಹೆಚ್ಚುಕಡಿಮೆ ಒಬ್ಬ ಮನುಷ್ಯ ಕೂತಷ್ಟೇ ದನಿ ಹೀರುತ್ತದೆ. ನಮ್ಮ ವಿಚಾರ ಸಂಕಿರಣಗಳಿಗೆ ಎಷ್ಟು ಜನ ಬರುತ್ತಾರೆ ಅಂತ ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ. ಒಂದು ಎಚ್ಚರಿಕೆ. ಕಡಿಮೆ ರೇಟಿಗೆ ಗೋಡೆಗೆ ಸ್ಪಂಜು ಅಂಟಿಸಿಕೊಡುವ ಕಂತ್ರಾಟುದಾರರು ಬರುತ್ತಾರೆ. ಸಾಮಾನ್ಯ ಸ್ಪಂಜಿಗೆ ಬೆಂಕಿ ತಗುಲಿದರೆ ನಿಮಿಷದಲ್ಲಿ ವಿಷದ ಹೊಗೆ ತುಂಬುತ್ತದೆ. ಗ್ಲಾಸ್ ವೂಲ್‌ಗೆ ಬೆಂಕಿ ಹಿಡಿಯುವುದಿಲ್ಲ. ಇದರಲ್ಲಿ ಚೌಕಾಸಿ ಬೇಡ.

ಇಷ್ಟು ಮಾಡಿದ ಹಾಲ್ ಹೇಗಿರುತ್ತದೆ ಅಂತ ಕಣ್ಣು ಮುಚ್ಚಿ ಊಹಿಸಿ. ಮರದ ಪಟ್ಟಿಗಳ ಹಿಂಗೋಡೆ, ಮಡಿಕೆ ಮಡಿಕೆಯಾಗಿ ಏರುವ ಸೀಲಿಂಗ್, ಓರೆ ಗೋಡೆಯ ಮೇಲೆ ಬದಲಾಗುವ ನೆರಳು. ಗುಮ್ಮಟ, ತೂಗುದೀಪ ಇಲ್ಲದೆಯೂ ಇದು ಚಂದವೇ. ನನ್ನ ಕಣ್ಣಿಗಂತೂ ಇದೇ ಜಾಸ್ತಿ ಚಂದ.

ವೇದಿಕೆಯ ಹಿಂದೆ ಏನಿದೆ? ಹೆಚ್ಚಿನ ನಕ್ಷೆಗಳಲ್ಲಿ ‘ಗ್ರೀನ್ ರೂಮ್’ ಅಂತ ಒಂದು ಚಿಕ್ಕ ಚೌಕ ಇರುತ್ತದೆ. ಉದ್ಘಾಟನೆಯ ಮರುದಿನದಿಂದ ಅಲ್ಲಿ ಕುರ್ಚಿ ಪೇರಿಸಿಡುತ್ತಾರೆ. ಯಕ್ಷಗಾನದವರಿಗೆ ಬೇಕಾದದ್ದು ಚೌಕಿ. ಕಲಾವಿದರು ನೆಲದ ಮೇಲೆ ಸಾಲಾಗಿ ಕೂತು, ಕನ್ನಡಿ ಎದುರಿಟ್ಟುಕೊಂಡು ಗಂಟೆಗಟ್ಟಲೆ ಬಣ್ಣ ಹಾಕುತ್ತಾರೆ. ಆದ್ದರಿಂದ ಬೆಳಕು ತಲೆಯ ಮೇಲಿನಿಂದ ಬಿದ್ದರೆ ಪ್ರಯೋಜನವಿಲ್ಲ, ಮುಖದ ಎರಡೂ ಪಕ್ಕದಿಂದ ಬರಬೇಕು. ಕೂತವರ ಕೈಗೆ ಪ್ಲಗ್ ಸಿಗಬೇಕು. ಪಕ್ಕದಲ್ಲೇ ನೀರು ಬೇಕು, ಬಣ್ಣ ತೊಳೆಯಲಿಕ್ಕೆ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿ ತೂತು) ಇರುವ ಜಾಗ ಬೇಕು. ಮುಖ್ಯವಾಗಿ ಬಾಗಿಲು. ಸಾಮಾನ್ಯ ಬಾಗಿಲು ಮೂರು ಅಡಿ ಅಗಲ, ಏಳು ಅಡಿ ಎತ್ತರ. ಬಣ್ಣದ ವೇಷದವರು ಅಷ್ಟು ದೊಡ್ಡ ಕಿರೀಟ ಕಟ್ಟಿಕೊಂಡು ಆ ಬಾಗಿಲಲ್ಲಿ ಹೇಗೆ ಹೊರಗೆ ಬರುವುದು? ಬಗ್ಗಿ, ಓರೆಯಾಗಿ, ಇಬ್ಬರು ಹಿಡಿದುಕೊಂಡು ಮಹಿಷಾಸುರ ಹೊರಗೆ ಬರುವುದನ್ನು ನೋಡಿದ್ದೇನೆ. ಆಮೇಲೆ ರಂಗದ ಮೇಲೆ ಎಷ್ಟು ಅಬ್ಬರಿಸಿದರೂ ನನಗೆ ನಗು. ಬಾಗಿಲು ಎರಡು ಅಡಿ ಹೆಚ್ಚು ಮಾಡಿದರೆ ಮುಗಿಯಿತು. ಆದರೆ ನಕ್ಷೆ ಹಾಕಿದವರು ಒಂದು ಆಟವನ್ನಾದರೂ ನೋಡಿರಬೇಕು.

ಒಂದು ಜಾಗದಲ್ಲಿ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ನಾಟಕಕ್ಕೆ ಹಿಂದಿನ ಸಾಲು ಏರಿರಬೇಕು. ಮದುವೆಗೆ ನೆಲ ಮಟ್ಟಸವಾಗಿರಬೇಕು. ಸಂಘವನ್ನು ನಡೆಸುವುದು ಮದುವೆಯ ಬಾಡಿಗೆ. ಸಂಘ ಹುಟ್ಟಿದ್ದು ನಾಟಕ, ಸಾಹಿತ್ಯಕ್ಕೆ. ಇಲ್ಲಿ ಜಗಳ ಚಂದಕ್ಕೂ ಉಪಯೋಗಕ್ಕೂ ಅಲ್ಲ, ಎರಡು ಉಪಯೋಗಗಳ ನಡುವೆ. ಕೆಳಗೆ ಮಟ್ಟಸ ನೆಲ, ಹಿಂದೆ ಏರುಸಾಲಿನ ಬಾಲ್ಕನಿ ಮಾಡಿದರೆ ಅರ್ಧ ಗೆದ್ದ ಹಾಗೆ. ಆಗ ವೇದಿಕೆಯನ್ನು ಸ್ವಲ್ಪ ಎತ್ತರಿಸಬೇಕು. ತೀರಾ ಎತ್ತರಿಸಿದರೆ ಮುಂದಿನ ಸಾಲಿನವರಿಗೆ ಕುಣಿಯುವವರ ಕಾಲು, ಗೆಜ್ಜೆ ಕಾಣುವುದಿಲ್ಲ. ಇಂಥದ್ದನ್ನು ಆರ್ಕಿಟೆಕ್ಟರ ಮೇಲೆ ಹಾಕಿ ಸುಮ್ನೆ ಕೂತರೆ ಆಗದು. ನಮ್ಮ ಭವನ ಮೊದಲು ಯಾತಕ್ಕೆ ಅಂತ ಮಹಾಸಭೆಯೇ ಹೇಳಬೇಕು. ಅದನ್ನು ಹೇಳದೆ ಗಾಜಿನ ಬಣ್ಣದ ಬಗ್ಗೆ ಮತ ಹಾಕಿ ಏನು ಮಾಡುವುದು?

ಊಟದ ಹಾಲ್ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮುಂಬೈಗೆ ಉಡುಪಿ ಹೋಟೆಲ್ ಕೊಟ್ಟವರು ನಾವು. ಮಾಟುಂಗ ಸ್ಟೇಷನ್ ಹತ್ತಿರ 1942ರಲ್ಲಿ ಶುರುವಾದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಈಗಲೂ ಬಾಳೆ ಎಲೆಯ ಊಟಕ್ಕೆ ಜನ ಕಾದು ಕೂರುತ್ತಾರೆ. ಹಳೆಯ ಉಡುಪಿ ಹೋಟೆಲಿನ ಒಳಗನ್ನು ಯಾವ ಡಿಸೈನರೂ ಮಾಡಲಿಲ್ಲ. ಒಂದು ಒರೆಸಿಗೆ ಸ್ವಚ್ಛವಾಗುವ ಕಲ್ಲಿನ ಟೇಬಲ್. ಇಕ್ಕಟ್ಟು ಜಾಗವನ್ನು ದೊಡ್ಡದಾಗಿ ಕಾಣಿಸುವ ಕನ್ನಡಿ. ದುಡ್ಡು ತೆಗೆದುಕೊಳ್ಳುವ ಗಲ್ಲೆಯಿಂದ ಇಡೀ ಹೋಟೆಲ್ ಕಾಣುವ ಹಾಗೆ ಕೂತ ಯಜಮಾನರು. ಕೈ ತೊಳೆಯುವ ಬೇಸಿನ್ ಹೊರಗೆ ಹೋಗುವ ದಾರಿಯಲ್ಲೇ. ಅಲ್ಲಿ ಕೂತರೆ ಮನಸ್ಸಿಗೆ ಹಿತ ಅನಿಸುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದೇ ನಮ್ಮವರು ಭವನ ಕಟ್ಟುವಾಗ ಊಟದ ಹಾಲ್‌ಗೆ ಕನ್ನಡಿಯಂಥ ಗ್ರಾನೈಟು ಹಾಕುತ್ತಾರೆ. ಅದರ ಮೇಲೆ ಎರಡು ಹನಿ ಸಾರು ಬಿದ್ದರೆ ಬಡಿಸುವವರ ಸೊಂಟ ಹೋಯಿತು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಈ ಊರಿನ ಅಡುಗೆಮನೆ, ಅಂಗಳ, ಚಾಳಿನ ಗ್ಯಾಲರಿಗಳಲ್ಲಿ ಎಷ್ಟು ಕಾಲದಿಂದ ಇದೆ! ಜಾರುವುದಿಲ್ಲ, ತಂಪು, ಅಗ್ಗ, ಆ ಬೂದು ಬಣ್ಣ ಬಾಳೆ ಎಲೆಯ ಹಸಿರಿಗೆ ಎಷ್ಟು ಹೊಂದುತ್ತದೆ. ಬಡವರ ಕಲ್ಲು ಅಂತ ಅದನ್ನು ದೂರ ಇಟ್ಟಿದ್ದೇವೆ.

ಮೆಟ್ಟಿಲು, ಶೌಚಾಲಯದ ಮಾತು ಬೇಗ ಮುಗಿಸುತ್ತೇನೆ. ಜನ ಸೇರುವ ಕಟ್ಟಡದ ಮೆಟ್ಟಿಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಕಾಲಿಡುವ ಜಾಗ 300ಕ್ಕಿಂತ ಕಿರಿದಾಗಿರಬಾರದು ಅಂತ ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳುತ್ತದೆ. ರ‍್ಯಾಂಪಿನ ಇಳಿಜಾರು 12ಕ್ಕೆ 1, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ನಮ್ಮ ಮುಂದಿನ ಎರಡು ಸಾಲುಗಳ ಪ್ರೇಕ್ಷಕರ ಮೊಣಕಾಲುಗಳನ್ನು ನೆನಪಿಸಿಕೊಂಡರೆ ಕಾಯ್ದೆಯ ಅಗತ್ಯವೂ ಇಲ್ಲ. ರ‍್ಯಾಂಪನ್ನು ಹಿಂಬಾಗಿಲಿಗೆ ತಳ್ಳಬೇಡಿ, ಮುಂಬಾಗಿಲಿನ ನಡಿಗೆಯೇ ರ‍್ಯಾಂಪ್ ಆಗಲಿ. ಹೆಂಗಸರ ಶೌಚಾಲಯ ಗಂಡಸರದ್ದಕ್ಕಿಂತ ದೊಡ್ಡದಿರಲಿ. ಸಮಿತಿಯಲ್ಲಿ ಹೆಂಗಸರು ಇದ್ದಿದ್ದರೆ ಇದನ್ನು ನಾನು ಬರೆಯಬೇಕಾಗಿರಲಿಲ್ಲ.

ಇಷ್ಟು ಓದಿದ ಮೇಲೆ ಕೆಲವರು ಖುಷಿಯಾಗಿ ಹೇಳಬಹುದು: ಹೌದು, ಚಂದ ಗಿಂದ ಎಲ್ಲ ದಂಡ, ನಾಲ್ಕು ಗೋಡೆ, ಒಂದು ಸ್ಲ್ಯಾಬ್ ಸಾಕು. ಅವರ ಪಕ್ಷವೂ ನನ್ನದಲ್ಲ. ಗೋದಾಮಿನಂಥ ಹಾಲ್‌ಗಳನ್ನೂ ನಾವು ಕಟ್ಟಿದ್ದೇವೆ. ಟ್ಯೂಬ್‌ಲೈಟು, ಆಯಿಲ್ ಪೇಂಟು, ಒಂದು ಎಕ್ಸಾಸ್ಟ್ ಫ್ಯಾನು. ರೇಷ್ಮೆ ಸೀರೆ ಉಟ್ಟು ಮಗುವಿಗೆ ಲಂಗ ಹಾಕಿಸಿ ಬಂದವರಿಗೆ ಅಲ್ಲಿ ಬಂದದ್ದೇ ಯಾಕೆ ಅನಿಸುತ್ತದೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ‘ಕನ್ನಡ ಪ್ರೋಗ್ರಾಮ್’ ಅಂದರೆ ಆ ಮಂಕು ಹಾಲನ್ನೇ ನೆನೆಸಿಕೊಳ್ಳುತ್ತಾರೆ. ಹೆಮ್ಮೆ ಹುಟ್ಟಿಸುವುದೂ ಭವನದ ಒಂದು ಕೆಲಸ. ಅದನ್ನು ಬಜೆಟ್ಟಿನಲ್ಲಿ ಬರೆಯಲು ಆಗುವುದಿಲ್ಲ, ಅಷ್ಟೇ.

ಆಕಾರ ಉಪಯೋಗದ ಹಿಂದೆ ಬರುತ್ತದೆ ಅಂತ 1896ರಲ್ಲಿ ಬರೆದವರು ಅಮೆರಿಕದ ಆರ್ಕಿಟೆಕ್ಟ್ ಲೂಯಿ ಸಲಿವನ್. ಬೋಳು ಕಟ್ಟಡ ಮಾಡುವವರೆಲ್ಲ ಈ ಮಾತನ್ನು ಮಂತ್ರದ ಹಾಗೆ ಹೇಳುತ್ತಾರೆ. ಆದರೆ ಸಲಿವನ್ ತಮ್ಮ ಕಟ್ಟಡಗಳ ಮೈತುಂಬ ಎಲೆ ಬಳ್ಳಿಗಳ ಕುಸುರಿ ಮಾಡಿಸಿದವರು. ಅಲಂಕಾರಕ್ಕೆ ಅವರು ಶತ್ರು ಆಗಿರಲೇ ಇಲ್ಲ. ನಮ್ಮ ದೇವಸ್ಥಾನಗಳನ್ನೇ ನೋಡಿ. ಗರ್ಭಗುಡಿಯ ಅಭಿಷೇಕದ ನೀರು ಹೊರಗೆ ಹೋಗುವ ತೂಬು, ಲೆಕ್ಕಕ್ಕೆ ಒಂದು ಚರಂಡಿ. ಅದನ್ನು ಮಕರದ ಬಾಯಿ ಮಾಡಿ ಕೆತ್ತಿದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಬೇಲೂರಿನ ಹಾಗೆ ಮಟ್ಟಸ ಮಾಡು (ಚಾವಣಿ) ಅಲ್ಲಿಲ್ಲ. ಕರಾವಳಿಯ ಮಳೆಗೆ ತಕ್ಕ ಇಳಿಜಾರು ಮಾಡು, ಒಂದರ ಮೇಲೊಂದು. ಅದರ ಕೆಳಗೆ ಒಂದರಂತೆ ಇನ್ನೊಂದಿಲ್ಲದ ಕಂಬಗಳ ಕೆತ್ತನೆ. ಮಾಡು ಮಳೆಯನ್ನು ನೋಡಿಕೊಂಡಿತು, ಆದ್ದರಿಂದ ಕಂಬಕ್ಕೆ ಕುಸುರಿ ಮಾಡುವ ಬಿಡುವು ಸಿಕ್ಕಿತು. ವಿಟಿ (ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿನಲ್ಲೂ ಇದನ್ನೇ ಕಾಣುತ್ತೀರಿ. ಎಫ್. ಡಬ್ಲ್ಯೂ. ಸ್ಟೀವನ್ಸ್ ಕಟ್ಟಿದ್ದು, 1888ರಲ್ಲಿ ಮುಗಿದದ್ದು. ಜೆಜೆ ಸ್ಕೂಲ್ ಆಫ್ ಆರ್ಟ್‌ನ ವಿದ್ಯಾರ್ಥಿಗಳು ಕೆತ್ತನೆ ಕೆಲಸದಲ್ಲಿ ಕೈ ಜೋಡಿಸಿದ್ದರು. ನಾವು ಡೊಂಬಿವಲಿ ಫಾಸ್ಟ್ ಹಿಡಿಯಲು ಓಡುವಾಗ ಆ ಕಲ್ಲಿನ ನವಿಲು, ಅಳಿಲು, ಎಲೆಗಳನ್ನು ನೋಡುವುದಿಲ್ಲ. ಆದರೂ ಅದು ಬರೀ ತಗಡಿನ ಶೆಡ್ ಆಗಿದ್ದರೆ ಈ ಊರು ಅದನ್ನು ಇಷ್ಟು ಪ್ರೀತಿಯಿಂದ ಕಾಪಾಡುತ್ತಿರಲಿಲ್ಲ.

ಹಾಗಾಗಿ ಕೆತ್ತನೆ ಮಾಡಿಸಿ, ಬಣ್ಣ ಹಾಕಿಸಿ, ಬಾಗಿಲಿಗೆ ಒಳ್ಳೆಯ ಮರ ಹಾಕಿಸಿ. ಕೈ ಮುಟ್ಟುವ ಜಾಗದಲ್ಲಿ ಖರ್ಚು ಮಾಡಿ: ಮೆಟ್ಟಿಲಿನ ರೇಲಿಂಗ್, ಬಾಗಿಲಿನ ಹಿಡಿ, ಫೋಯರಿನ ಕಟ್ಟೆ. ಫೈಬರಿನ ಹೊಯ್ಸಳ ಕಮಾನು ತಂದು ಗಾಜಿನ ಮುಂದೆ ನಿಲ್ಲಿಸುವ ದುಡ್ಡಿನಲ್ಲಿ ಇದೆಲ್ಲ ಆಗುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಗುಟ್ಟು ಹೇಳಬೇಕು, ಎಲ್ಲರಿಗೂ ಗೊತ್ತಿರುವ ಗುಟ್ಟೇ. ದಾನಿಗಳಿಗೆ ಕಣ್ಣಿಗೆ ಕಾಣುವುದಕ್ಕೆ ಕೊಡುವುದು ಇಷ್ಟ. ತೂಗುದೀಪಕ್ಕೆ ಕೊಡುತ್ತಾರೆ, ಮುಂಭಾಗಕ್ಕೆ ಕೊಡುತ್ತಾರೆ. ಗ್ಲಾಸ್ ವೂಲ್ ಮೇಲೆ ಯಾರ ಹೆಸರು ಬರೆಯುವುದು? ವಾಟರ್‌ಪ್ರೂಫಿಂಗ್‌ಗೆ ಯಾರ ತಂದೆತಾಯಿಯ ಸ್ಮರಣಾರ್ಥ ಅಂತ ಹಾಕುವುದು? ಆದ್ದರಿಂದ ಈ ಕೆಲಸಗಳು ಕೊನೆಗೆ ಉಳಿದ ದುಡ್ಡಿಗೆ ಬರುತ್ತವೆ, ಕೊನೆಗೆ ದುಡ್ಡು ಉಳಿಯುವುದಿಲ್ಲ. ಆಗ ನಮ್ಮಂಥ ಇಂಟೀರಿಯರ್‌ನವರನ್ನು ಕರೆಯುತ್ತೀರಿ. ನಾವು ಪಿಒಪಿ ಹಾಕಿ ಮುಚ್ಚುತ್ತೇವೆ. ಇದನ್ನು ತಿರುಗಿಸಿ. ಚೌಕಿಗೆ ದಾನಿಯ ಹೆಸರಿಡಿ. ಕಲಾವಿದರು ಬಣ್ಣ ಹಾಕುವ ಜಾಗಕ್ಕೆ ಹೆಸರು ಬಂದರೆ ಅದೇನು ಕಡಿಮೆ ಮರ್ಯಾದೆಯೇ? ರ‍್ಯಾಂಪಿಗೆ ಇಡಿ, ಹಿಂದಿನ ಮರದ ಗೋಡೆಗೆ ಇಡಿ. ಕುರ್ಚಿಗಳಿಗೆ ಒಂದೊಂದರಂತೆ ಇಟ್ಟರೆ ಚಿಕ್ಕ ದಾನಿಗಳೂ ಬರುತ್ತಾರೆ. ಎಂಜಿನಿಯರಿಗೆ ಕೊಡುವ ಹಾಗೆ ದನಿಯ ಲೆಕ್ಕ ಹಾಕುವವರಿಗೂ ಮೊದಲೇ ಫೀಸು ಕೊಡಿ, ಇಂಟೀರಿಯರ್ ಕಂತ್ರಾಟಿನ ಮೊದಲು.

ಆರ್ಕಿಟೆಕ್ಟರ ಬಳಿ ಕೇಳಲು ಏನು ಗೊತ್ತು ನಮಗೆ ಅಂತ ಹಿಂಜರಿಯಬೇಡಿ. ಜುಲೈಯ ಒಂದು ಸಂಜೆ ಐನೂರು ಜನ ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ. ಗಾಜು ಒರೆಸುವವರು ಎಲ್ಲಿ ನಿಲ್ಲುತ್ತಾರೆ ಅಂತ ಕೇಳಿ. ಕೊನೆಯ ಸಾಲಿನ ಗಿಡ್ಡ ಅಜ್ಜನಿಗೆ ಕುಣಿಯುವವರ ಪಾದ ಕಾಣುತ್ತದೆಯೇ ಅಂತ ಸೆಕ್ಷನ್ನಿನಲ್ಲಿ ಗೆರೆ ಎಳೆಸಿ. ಒಳ್ಳೆಯ ಆರ್ಕಿಟೆಕ್ಟರಿಗೆ ಇಂಥ ಪ್ರಶ್ನೆ ಕೇಳುವ ಗಿರಾಕಿ ಸಿಕ್ಕರೆ ಖುಷಿಯೇ ಆಗುತ್ತದೆ. ಸಿಟ್ಟು ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಮಹಾಸಭೆಗೆ ಒಂದು ತಿಂಗಳು ಮೊದಲೇ ಪ್ಲಾನ್ ಮತ್ತು ಸೆಕ್ಷನ್ ಎರಡನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸಂಘದ ನೋಟಿಸ್ ಬೋರ್ಡಿಗೆ ಅಂಟಿಸಿ. ತ್ರೀಡಿ ಚಿತ್ರವನ್ನೂ ಪಕ್ಕದಲ್ಲಿ ಹಾಕಿ, ಬೇಡ ಅನ್ನುವುದಿಲ್ಲ. ಅಡುಗೆಯವರು, ಭಾಗವತರು, ಗೇಟಿನ ವಾಚ್‌ಮನ್ ಎಲ್ಲರೂ ನೋಡಲಿ, ಪೆನ್ಸಿಲಿನಲ್ಲಿ ಬರೆಯಲಿ. ಚೌಕಿಯ ಬಾಗಿಲನ್ನು ಆಮೇಲೆ ಒಡೆದು ಅಗಲ ಮಾಡಬಹುದು. ಸ್ಲ್ಯಾಬ್ ಬಿದ್ದ ಮೇಲೆ ಹಾಲ್‌ನ ಎತ್ತರ ಒಂದಿಂಚೂ ಏರುವುದಿಲ್ಲ. ಆದ್ದರಿಂದ ಪಾಲಿಕೆಗೆ ಫೈಲು ಹೋಗುವ ಮೊದಲೇ ಇದು ಆಗಲಿ.

ಇತಿ,
ನಿಮ್ಮ ಹಾಲ್‌ಗಳ ಹಿಂದಿನ ಸಾಲಿನ ಒಬ್ಬ ಪ್ರೇಕ್ಷಕ,
ಡೊಂಬಿವಲಿ